ಗೇಮ್ ಕಲಿಸುವ ಮೇಷ್ಟ್ರಾಗಬೇಕಾ? ಯಾವ ವಿಭಾಗ ಸೇರಬೇಕು ಅನ್ನೋದಕ್ಕೆ ಒಂದು ಹೋಲಿಕೆ

ಕಂಪ್ಯೂಟರ್ ಗೇಮ್‌ಗಳನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಬೇಕು, ಅವುಗಳ ಮೇಲೆ ಸಂಶೋಧನೆ ಮಾಡಬೇಕು ಅಂತ ಆಸೆ ಇಟ್ಟುಕೊಂಡವರು ಹುಡುಕಾಟ ಶುರು ಮಾಡಿದ ಕೂಡಲೇ ಗೊಂದಲಕ್ಕೆ ಬೀಳುತ್ತಾರೆ. ಯಾಕಂದರೆ ಗೇಮ್ ವಿಭಾಗ ಅಂತ ಪ್ರತ್ಯೇಕವಾಗಿ ಇರುವ ಜಾಗಗಳು ಕಡಿಮೆ. ಈ ಕೆಲಸ ಮಾಡುವ ಅಧ್ಯಾಪಕರು ಒಬ್ಬರು ಕಂಪ್ಯೂಟರ್ ಸೈನ್ಸ್‌ನಲ್ಲಿರುತ್ತಾರೆ, ಇನ್ನೊಬ್ಬರು ಮಾಧ್ಯಮ ಅಥವಾ ಸಾಹಿತ್ಯ ವಿಭಾಗದಲ್ಲಿ, ಮತ್ತೊಬ್ಬರು ಡಿಸೈನ್ ಶಾಲೆಯಲ್ಲಿ, ಇನ್ಯಾರೋ ಮನಃಶಾಸ್ತ್ರದಲ್ಲಿ. ಎಲ್ಲರ ಪರಿಚಯದಲ್ಲೂ ಗೇಮ್ಸ್ ಅಂತಲೇ ಬರೆದಿರುತ್ತದೆ. ಆದರೆ ಒಬ್ಬರ ಸಂಶೋಧನಾ ಪೇಪರ್ ಇನ್ನೊಬ್ಬರಿಗೆ ಓದೋದಕ್ಕೂ ಕಷ್ಟ, ಅಷ್ಟು ಬೇರೆ ಬೇರೆ ಕೆಲಸ. ಪಿಎಚ್‌ಡಿಗೆ ಹೊರಟವರಿಗೂ, ಕಂಪನಿ ಬಿಟ್ಟು ಪಾಠದ ಕಡೆ ಬರಬೇಕು ಅಂತಿರುವವರಿಗೂ ಉಪಯೋಗ ಆಗಲಿ ಅಂತ ಈ ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ.

ಒಂದು ಸಣ್ಣ ವಿಷಯ ಇಟ್ಟುಕೊಂಡು ಶುರು ಮಾಡೋಣ. ಪ್ಲಾಟ್‌ಫಾರ್ಮರ್ ಗೇಮ್. ಪಾತ್ರ ಓಡುತ್ತಾ ಬಂದು ಅಂಚಿನಿಂದ ಆಚೆ ದಡಕ್ಕೆ ಹಾರಬೇಕು. ಆಟಗಾರ ಬಟನ್ ಒತ್ತುವಷ್ಟರಲ್ಲಿ ಕಾಲು ಅಂಚು ದಾಟಿ ಗಾಳಿಯಲ್ಲಿದೆ. ಲೆಕ್ಕದ ಪ್ರಕಾರ ಪಾತ್ರ ಬೀಳಬೇಕು, ಅಲ್ವಾ? ಆದರೆ ಎಷ್ಟೋ ಗೇಮ್‌ಗಳು ಅಂಚು ದಾಟಿದ ಮೇಲೂ ಕೆಲವು ಫ್ರೇಮ್‌ಗಳಷ್ಟು (ಪರದೆ ಮೇಲೆ ಒಂದರ ಹಿಂದೆ ಒಂದು ಬರುವ ಚಿತ್ರಗಳು) ಹೊತ್ತು ಹಾರಲು ಬಿಡುತ್ತವೆ. ಇದಕ್ಕೆ ಕಯೋಟಿ ಟೈಮ್ ಅಂತಾರೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ 6 ಫ್ರೇಮ್ ಬಿಟ್ಟರೆ ಸೆಕೆಂಡಿನ ಹತ್ತನೇ ಒಂದು ಭಾಗ. ಆಟಗಾರನಿಗೆ ಇದು ಗೊತ್ತೇ ಆಗುವುದಿಲ್ಲ, ಸರಿಯಾಗಿ ಹಾರಿದೆ ಅನ್ನಿಸುತ್ತದೆ ಅಷ್ಟೆ.

ಈ 6 ಫ್ರೇಮ್‌ಗಳನ್ನು ನಾಲ್ಕು ಅಧ್ಯಾಪಕರ ಮುಂದಿಡಿ. ಕಂಪ್ಯೂಟರ್ ಸೈನ್ಸ್‌ನವರು ಕೇಳುವುದು: ಪ್ರೋಗ್ರಾಂ ತಾನೇ ಸಾವಿರಾರು ಲೆವೆಲ್ ತಯಾರು ಮಾಡಿದರೆ, ಪ್ರತಿಯೊಂದರಲ್ಲೂ ಈ ಹಾರುವಿಕೆ ಸಾಧ್ಯ ಅಂತ ಇನ್ನೊಂದು ಪ್ರೋಗ್ರಾಂ ಪರೀಕ್ಷೆ ಮಾಡಬಹುದಾ? ಡಿಸೈನ್ ಮೇಷ್ಟ್ರು 3, 6, 12 ಫ್ರೇಮ್ ಅಂತ ಮೂರು ಬಿಲ್ಡ್ (ಆಡಲು ಸಿದ್ಧವಾದ ಗೇಮ್ ಪ್ರತಿ) ಮಾಡಿ, ಜನರ ಕೈಗೆ ಕೊಟ್ಟು, ಅವರು ಆಡುವಾಗ ಮುಖ ನೋಡುತ್ತಾ ಕೂರುತ್ತಾರೆ. ಮನಃಶಾಸ್ತ್ರದವರಿಗೆ ಬೇಕಾಗಿರುವುದು ಬಿದ್ದ ಆಟಗಾರ ತನ್ನನ್ನು ಬೈದುಕೊಳ್ಳುತ್ತಾನಾ, ಗೇಮನ್ನು ಬೈಯುತ್ತಾನಾ, ಅದನ್ನು ಅಳೆಯುವುದು ಹೇಗೆ ಅನ್ನೋದು. ಮಾನವಿಕ ವಿಭಾಗದವರು, ಅಂದರೆ ಸಾಹಿತ್ಯ, ಮಾಧ್ಯಮದವರು, ಇನ್ನೂ ಬೇರೆ ಕಡೆ ಹೋಗುತ್ತಾರೆ. ಪರದೆ ಮೇಲೆ ಕಾಣುವ ನಿಯಮ ಒಂದು, ಒಳಗೆ ಓಡುತ್ತಿರುವ ನಿಯಮ ಇನ್ನೊಂದು. ಹೇಳದೇ ಕೇಳದೇ ಆಟಗಾರನನ್ನು ಕಾಪಾಡುವ ಗೇಮ್ ಎಂಥ ಆಟಗಾರನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದೆ?

ಇದರಲ್ಲಿ ಯಾವ ಪ್ರಶ್ನೆ ಓದಿದಾಗ ನಿಮಗೆ ಇವತ್ತೇ ಕೂತು ಉತ್ತರ ಹುಡುಕಬೇಕು ಅನ್ನಿಸಿತು? ಅದೇ ನಿಮ್ಮ ವಿಭಾಗ. ಗೇಮ್ ಆಡಲು ಇಷ್ಟ ಅನ್ನೋದು ನಾಲ್ಕೂ ಕಡೆಯವರಿಗೆ ಇದ್ದೇ ಇರುತ್ತದೆ, ಅದನ್ನು ನಂಬಿ ವಿಭಾಗ ಆರಿಸಲು ಆಗುವುದಿಲ್ಲ. ಇನ್ನೊಂದು ವಿಷಯ ಇಷ್ಟೇ ಮುಖ್ಯ. ಪ್ರತಿ ವಿಭಾಗದಲ್ಲಿ ಯಾವುದನ್ನು ಕೆಲಸ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ ಅನ್ನೋದು ಬೇರೆ. ಬಡ್ತಿ, ಕಾಯಂ ಕೆಲಸ ಎಲ್ಲ ನಿಂತಿರುವುದು ಅದರ ಮೇಲೆ.

ಕಂಪ್ಯೂಟರ್ ಸೈನ್ಸ್: ಕೆಲಸ ಜಾಸ್ತಿ, ಗೇಮ್ ಕಡಿಮೆ ಆಗುವ ಭಯವೂ ಜಾಸ್ತಿ

ಇದು ಎಲ್ಲಕ್ಕಿಂತ ಹಳೆಯ ದಾರಿ. 1952ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಎ.ಎಸ್. ಡಗ್ಲಸ್ ತಮ್ಮ ಪಿಎಚ್‌ಡಿ ಪ್ರಬಂಧಕ್ಕಾಗಿ ಎಡ್ಸಾಕ್ ಕಂಪ್ಯೂಟರ್ ಮೇಲೆ ಸೊನ್ನೆ-ಕತ್ತರಿ (ಟಿಕ್-ಟ್ಯಾಕ್-ಟೋ) ಆಟ ಬರೆದರು. ಮನುಷ್ಯ ಮತ್ತು ಯಂತ್ರದ ನಡುವಿನ ವ್ಯವಹಾರ ಅವರ ವಿಷಯ, ಆಟ ಅದನ್ನು ತೋರಿಸುವ ಸಾಧನ. ಆಮೇಲೆ ಬಂದ ಎಷ್ಟೋ ಕೆಲಸದ ರೀತಿಯೂ ಇದೇ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ ತಂಡ 1989ರಲ್ಲಿ ಚೆಕರ್ಸ್ ಅನ್ನುವ ಚೌಕಮಣೆ ಆಟದ ಹಿಂದೆ ಬಿದ್ದು 2007ರಲ್ಲಿ ಅದನ್ನು ಬಿಡಿಸಿತು: ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಡ್ರಾ. ಅದೇ ವಿಶ್ವವಿದ್ಯಾಲಯದಲ್ಲಿ ಗೋ ಅನ್ನುವ ಮಣೆ ಆಟದ ಮೇಲೆ ಪಿಎಚ್‌ಡಿ ಮಾಡಿದ ಡೇವಿಡ್ ಸಿಲ್ವರ್ ಮುಂದೆ ಗೋ ಆಡುವ ಆಲ್ಫಾಗೋ ಪ್ರೋಗ್ರಾಂ ಕಟ್ಟುವುದರಲ್ಲಿ ಮುಂದಾಳು. ಆಲ್ಫಾಗೋ 2016ರಲ್ಲಿ ಗೋ ಚಾಂಪಿಯನ್ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿತು.

ಈ ದಾರಿಯ ಲಾಭ ಸರಳ. ಹುದ್ದೆಗಳು ಜಾಸ್ತಿ, ಸಂಶೋಧನೆಗೆ ಹಣ ಸಿಗುವ ಸಾಧ್ಯತೆ ಜಾಸ್ತಿ, ಅಧ್ಯಾಪಕ ಕೆಲಸ ಸಿಗದಿದ್ದರೂ ಹೊರಗೆ ಕೆಲಸ ಇದೆ. ಪೇಪರ್ ಕಳಿಸಲು ಜಾಗಗಳೂ ನೆಲೆ ನಿಂತಿವೆ. ಎಂಜಿನಿಯರ್‌ಗಳ ಸಂಘವಾದ ಐಇಇಇಯ, 2005ರಲ್ಲಿ ಶುರುವಾದ ಸಮ್ಮೇಳನ 2019ರಿಂದ ಕಾನ್ಫರೆನ್ಸ್ ಆನ್ ಗೇಮ್ಸ್ ಅನ್ನುವ ಹೆಸರಿನಲ್ಲಿ ನಡೆಯುತ್ತಿದೆ. ಇಲ್ಲಿ ಸಮ್ಮೇಳನದ ಪೇಪರ್‌ಗೇ ತೂಕ.

ತೊಂದರೆ ಏನಂದರೆ ಇಲ್ಲಿ ಗೇಮ್ ಬಹಳ ಸಲ ಬರೀ ಪರೀಕ್ಷಾ ಮೈದಾನ ಆಗಿಬಿಡುತ್ತದೆ. ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಪೇಪರ್‌ನಿಂದ ಗೇಮ್ ತೆಗೆದು ಆ ಜಾಗದಲ್ಲಿ ರೋಬೋ ಇಟ್ಟರೂ ಪೇಪರ್ ನಿಲ್ಲುತ್ತದಾ? ನಿಂತರೆ ನಿಮಗೆ ಬೇಜಾರಿಲ್ಲ ಅಂದರೆ ಕಂಪ್ಯೂಟರ್ ಸೈನ್ಸ್ ನಿಮಗೆ ಹೇಳಿ ಮಾಡಿಸಿದ ಜಾಗ. ಬೇಜಾರಾಗುತ್ತದೆ ಅಂದರೆ ಸೇರುವ ಮುಂಚೆ ಗೈಡ್ ಯಾರು ಅಂತ ಇನ್ನೊಮ್ಮೆ ನೋಡಿ. ಯಾಕಂದರೆ ಇದೇ ವಿಭಾಗದ ಒಳಗೆ ಗೇಮನ್ನು ಗೇಮ್ ಅಂತಲೇ ನೋಡುವವರೂ ಇದ್ದಾರೆ. ಮೈಕಲ್ ಮಟಿಯಾಸ್ ಮತ್ತು ಆಂಡ್ರೂ ಸ್ಟರ್ನ್ 2005ರಲ್ಲಿ ಹೊರತಂದ ಫಸಾಡ್ ಗೇಮ್ ನೋಡಿ. ಜಗಳದ ಅಂಚಿನಲ್ಲಿರುವ ಗಂಡ-ಹೆಂಡತಿಯ ಮನೆಗೆ ನೀವು ಅತಿಥಿಯಾಗಿ ಹೋಗಿ, ಬಾಯಿಗೆ ಬಂದದ್ದನ್ನು ಟೈಪ್ ಮಾಡಬಹುದು, ಅವರು ಅದಕ್ಕೆ ತಕ್ಕಂತೆ ತಿರುಗುತ್ತಾರೆ. ಅದರ ಹಿಂದೆ ಗಟ್ಟಿಯಾದ ಕಂಪ್ಯೂಟರ್ ಸೈನ್ಸ್ ಇದೆ, ಆದರೂ ಗೇಮ್ ತೆಗೆದರೆ ಏನೂ ಉಳಿಯುವುದಿಲ್ಲ. ನನಗೆ ಇಷ್ಟವಾಗುವ ಕೆಲಸ ಈ ಥರದ್ದು. ದೊಡ್ಡ ಕಂಪನಿಗಳ ಕಂಪ್ಯೂಟರ್ ಬಲದ ಎದುರು ಒಂದು ಸಣ್ಣ ಲ್ಯಾಬ್ ಓಡಲು ಆಗುವುದಿಲ್ಲ. ಲೆವೆಲ್ ತಯಾರಿಕೆ, ಆಟಗಾರನ ಜೊತೆ ಮಾತಾಡುವ ಪಾತ್ರಗಳು, ಗೇಮ್ ಪರೀಕ್ಷೆ ಮಾಡುವ ಪ್ರೋಗ್ರಾಂಗಳು, ಇಂಥ ಕಡೆ ಒಬ್ಬ ಅಧ್ಯಾಪಕ ಮತ್ತು ಮೂವರು ವಿದ್ಯಾರ್ಥಿಗಳು ಸೇರಿ ಇನ್ನೂ ಹೊಸದೇನಾದರೂ ಮಾಡಬಹುದು.

ಇನ್ನೊಂದು ಎಚ್ಚರಿಕೆ. ಗೇಮ್ ಅಧ್ಯಾಪಕ ಅಂತ ಸೇರಿದರೂ ಮೊದಲ ಕೆಲವು ವರ್ಷ ಡೇಟಾ ಸ್ಟ್ರಕ್ಚರ್ಸ್ ಪಾಠ ನಿಮ್ಮ ತಲೆಗೆ ಬರಬಹುದು. ಅದಕ್ಕೆ ಸಿದ್ಧರಿರಿ.

ಮಾನವಿಕ ಮತ್ತು ಮಾಧ್ಯಮ ಅಧ್ಯಯನ: ಬರೆಯುವವರಿಗೆ

1997ರಲ್ಲಿ ಎಸ್ಪೆನ್ ಆರ್ಸೆತ್ ಮತ್ತು ಜಾನೆಟ್ ಮರ್ರೆ ಅನ್ನುವ ಇಬ್ಬರು ಸಂಶೋಧಕರು ಬೇರೆ ಬೇರೆ ಕಡೆಯಿಂದ ಪುಸ್ತಕ ಬರೆದು ಈ ಚರ್ಚೆಗೆ ಬುನಾದಿ ಹಾಕಿದರು. ಗೇಮ್ ಕಥೆ ಹೇಳುವ ಮಾಧ್ಯಮವಾ, ಅಥವಾ ನಿಯಮಗಳಿಂದ ಕಟ್ಟಿದ ಬೇರೆಯದೇ ವಸ್ತುವಾ ಅಂತ ವರ್ಷಗಟ್ಟಲೆ ವಾದ ನಡೆಯಿತು. 2001ರಲ್ಲಿ ಆರ್ಸೆತ್ ಸಂಪಾದಕರಾಗಿ ಗೇಮ್ ಸ್ಟಡೀಸ್ ಅನ್ನುವ ಪತ್ರಿಕೆ ಬಂತು, ಅದನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. 2003ರಲ್ಲಿ ಕೋಪನ್‌ಹೇಗನ್‌ನ ಐಟಿ ವಿಶ್ವವಿದ್ಯಾಲಯದಲ್ಲಿ ಗೇಮ್ ಸಂಶೋಧನಾ ಕೇಂದ್ರ ಶುರುವಾಯಿತು. ಅದೇ ವರ್ಷ ಗೇಮ್ ಸಂಶೋಧಕರ ಡಿಗ್ರಾ ಅನ್ನುವ ಸಂಘ ಯೂಟ್ರೆಕ್ಟ್‌ನಲ್ಲಿ ಮೊದಲ ಸಮ್ಮೇಳನ ಮಾಡಿತು. ಅಂದರೆ ಈ ಶಾಖೆ ನಿಮಗಿಂತ ಬಹಳ ಹಿರಿಯದೇನಲ್ಲ. ಹೊಸಬರು ಬಂದು ದೊಡ್ಡ ಮಾತು ಹೇಳಲು ಇನ್ನೂ ಜಾಗ ಇದೆ, ಇದು ನನಗೆ ದೊಡ್ಡ ಆಕರ್ಷಣೆ.

ಇಲ್ಲಿ ಕೂತು ಸಿದ್ಧಾಂತ ಹೆಣೆಯುವುದಷ್ಟೇ ಕೆಲಸ ಅಂದುಕೊಳ್ಳಬೇಡಿ. ಸಮಾಜಶಾಸ್ತ್ರಜ್ಞೆ ಟಿ.ಎಲ್. ಟೇಲರ್, ಬಹಳ ಜನ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ಎವರ್‌ಕ್ವೆಸ್ಟ್ ಗೇಮ್ ಒಳಗೇ ಆಟಗಾರರ ಜೊತೆ ಇದ್ದು, ಅವರ ಗುಂಪುಗಳು, ಜಗಳ, ಗೆಳೆತನ ಎಲ್ಲ ಗಮನಿಸಿ ಬರೆದರು. ಅದೇ ಗೇಮ್‌ನ ಒಳಗಿನ ಮಾರುಕಟ್ಟೆಯನ್ನು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರನೋವಾ 2001ರಲ್ಲಿ ನಿಜವಾದ ದೇಶದ ಆರ್ಥಿಕತೆ ಅನ್ನುವ ಹಾಗೆ ಲೆಕ್ಕ ಹಾಕಿದರು.

ಪಾಠದ ಕಷ್ಟ ಇಲ್ಲಿ ವಿಚಿತ್ರ. ಕಾದಂಬರಿ ಪಾಠ ಮಾಡುವವರು ಮುಂದಿನ ವಾರಕ್ಕೆ ಇಷ್ಟು ಓದಿಕೊಂಡು ಬನ್ನಿ ಅನ್ನಬಹುದು. ಅರವತ್ತು ಗಂಟೆಯ ಗೇಮ್ ಮುಗಿಸಿ ಬನ್ನಿ ಅಂತ ಹೇಳಲು ಆಗುತ್ತದಾ? ತರಗತಿಯಲ್ಲಿ ಯಾರೋ ಒಬ್ಬರು ಅದನ್ನು ಮೂರು ಸಲ ಮುಗಿಸಿರುತ್ತಾರೆ, ಇನ್ನೊಬ್ಬರಿಗೆ ಕಂಟ್ರೋಲರ್ ಹಿಡಿಯಲು ಬರುವುದಿಲ್ಲ, ಮತ್ತೊಬ್ಬರು ವೀಡಿಯೋ ನೋಡಿ ಬಂದಿರುತ್ತಾರೆ. ಈ ಮೂವರಿಗೂ ಒಟ್ಟಿಗೆ ಪಾಠ ಮಾಡಬೇಕು. ಚೆನ್ನಾಗಿ ಕಲಿಸುವವರು ಸಣ್ಣ ಗೇಮ್‌ಗಳನ್ನು ಆರಿಸುತ್ತಾರೆ, ದೊಡ್ಡ ಗೇಮ್ ಆದರೆ ಒಂದೇ ಒಂದು ದೃಶ್ಯವನ್ನು ಎಲ್ಲರ ಮುಂದೆ ಆಡಿಸಿ ಪದೇ ಪದೇ ನಿಲ್ಲಿಸುತ್ತಾರೆ. ಹಳೆಯ ಗೇಮ್ ತೋರಿಸಬೇಕು ಅಂದರೆ ಇನ್ನೂ ಕಷ್ಟ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ 87% ಈಗ ಮಾರಾಟಕ್ಕೆ ಸಿಗುವುದಿಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತೋರಿಸಿತು. ಆದ್ದರಿಂದ ಈ ವಿಭಾಗಕ್ಕೆ ಹೋಗುವ ಮುಂಚೆ ಲೈಬ್ರರಿಯಲ್ಲಿ ಹಳೆಯ ಯಂತ್ರಗಳು, ಗೇಮ್ ಸಂಗ್ರಹ ಏನಾದರೂ ಇದೆಯಾ ಅಂತ ತಪ್ಪದೆ ಕೇಳಿ. ಇಲ್ಲ ಅಂದರೆ ಇತಿಹಾಸದ ಮೇಲೆ ಕೆಲಸ ಮಾಡುವುದು ಬಹಳ ಕಷ್ಟ.

ಹುದ್ದೆಗಳು ಕಡಿಮೆ. ಇಲ್ಲಿ ಲೆಕ್ಕಕ್ಕೆ ಬರುವುದು ಪತ್ರಿಕೆಯ ಲೇಖನ ಮತ್ತು ಪುಸ್ತಕ, ಎರಡಕ್ಕೂ ಸಮಯ ಹಿಡಿಯುತ್ತದೆ. ಕೋಡ್ ಬರಲೇಬೇಕು ಅಂತ ಯಾರೂ ಹೇಳುವುದಿಲ್ಲ. ಆದರೂ ಒಂದು ಸಣ್ಣ ಗೇಮನ್ನಾದರೂ ನೀವೇ ಮಾಡಿ ನೋಡಿರಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಆ 6 ಫ್ರೇಮ್ ಇವೆ ಅಂತಲೇ ಗೊತ್ತಿಲ್ಲದವರು ಅದರ ಅರ್ಥ ಹೇಳೋದು ಹೇಗೆ?

ಡಿಸೈನ್ ಶಾಲೆ: ಪಾಠವೇ ಮುಖ್ಯ ಅನ್ನುವವರಿಗೆ

ಸ್ಕಾಟ್ಲೆಂಡಿನ ಡಂಡೀ ಊರಿನ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲೇ ಕಂಪ್ಯೂಟರ್ ಗೇಮ್ಸ್ ಪದವಿ ಶುರು ಮಾಡಿತು. ಅಮೆರಿಕದಲ್ಲಿ ಡಿಜಿಪೆನ್, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗೇಮ್ ಸೆಂಟರ್ ಇವೆಲ್ಲ ಹೆಸರು ಮಾಡಿವೆ. ವಿದ್ಯಾರ್ಥಿಗಳ ಕೆಲಸ ನೇರವಾಗಿ ಜಗತ್ತಿಗೆ ಹೋಗುವುದನ್ನು ನೋಡಬೇಕಾದರೆ ಇಲ್ಲಿ ಪಾಠ ಮಾಡಬೇಕು. ಡಿಜಿಪೆನ್ ವಿದ್ಯಾರ್ಥಿಗಳು ಮಾಡಿದ ನಾರ್ಬಾಕ್ಯುಲರ್ ಡ್ರಾಪ್ ಗೇಮ್ ನೋಡಿ ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು, ಆ ತಂಡದ ಕೆಲಸದಿಂದ 2007ರಲ್ಲಿ ಪೋರ್ಟಲ್ ಗೇಮ್ ಬಂತು. ಜೆನೋವಾ ಚೆನ್ ಅವರ ಫ್ಲೋ ಗೇಮ್ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅವರು ಮಾಸ್ಟರ್ಸ್‌ಗೆ ಕೊಟ್ಟ ಥೀಸಿಸ್‌ನ ಭಾಗ.

ಆದರೆ ಇಲ್ಲಿ ಅಧ್ಯಾಪಕರ ದಿನ ಹೇಗಿರುತ್ತದೆ ಅಂತ ತಿಳಿದುಕೊಂಡು ಬನ್ನಿ. ಸೆಮಿಸ್ಟರ್ ಕೊನೆಯಲ್ಲಿ ರಾಶಿ ರಾಶಿ ಬಿಲ್ಡ್‌ಗಳು ಬರುತ್ತವೆ. ಒಂದು ತೆರೆಯುವುದೇ ಇಲ್ಲ, ಇನ್ನೊಂದು ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತದೆ. ಐದು ಜನರ ತಂಡದಲ್ಲಿ ಯಾರು ಏನು ಮಾಡಿದರು ಅಂತ ತಿಳಿಯಲು ಗಿಟ್ ಇತಿಹಾಸ (ಯಾರು ಯಾವಾಗ ಏನು ಬದಲಿಸಿದರು ಅನ್ನುವ ದಾಖಲೆ) ತೆರೆದು ಕೂರಬೇಕು. ಅಲ್ಲಿ ಒಬ್ಬಳೇ ಹುಡುಗಿ ರಾತ್ರಿ ಎರಡು ಗಂಟೆಗೆ ಎಲ್ಲರ ಕೆಲಸ ಕೂಡಿಸಿ ಗೇಮ್ ಉಳಿಸಿರುವುದು ಕಾಣುತ್ತದೆ. ಚಿತ್ರ ಬರೆದವನ ಹೆಸರು ಅದರಲ್ಲಿ ಇರುವುದೇ ಇಲ್ಲ, ಯಾಕಂದರೆ ಅವನು ಫೈಲ್‌ಗಳನ್ನು ಚಾಟ್‌ನಲ್ಲಿ ಕಳಿಸಿರುತ್ತಾನೆ. ಅಂಕ ಕೊಡುವುದು ಅಂದರೆ ಇದನ್ನೆಲ್ಲ ಬಿಡಿಸಿ ನೋಡುವುದು. ಇದರಲ್ಲಿ ನಿಮಗೆ ಆಸಕ್ತಿ ಇದ್ದರೆ ಈ ಕೆಲಸ ನಿಮ್ಮನ್ನು ತುಂಬಾ ಸಂತೋಷವಾಗಿಡುತ್ತದೆ. ಇಲ್ಲ ಅಂದರೆ ದಯವಿಟ್ಟು ಬರಬೇಡಿ, ವಿದ್ಯಾರ್ಥಿಗಳಿಗೆ ಅನ್ಯಾಯ ಆಗುತ್ತದೆ.

ಪಠ್ಯ ಬದಲಾಗುವ ವೇಗವೂ ಇಲ್ಲಿ ಜಾಸ್ತಿ. ವೆಬ್ ಗೇಮ್ ಮಾಡಲು ಬಳಸುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತಿತು. ಗೇಮ್ ಕಟ್ಟುವ ಸಾಫ್ಟ್‌ವೇರ್, ಅಂದರೆ ಗೇಮ್ ಎಂಜಿನ್, ಮಾಡುವ ಯೂನಿಟಿ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂತ ಘೋಷಿಸಿ, ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಒಂದೇ ಎಂಜಿನ್ ನಂಬಿ ಪಾಠ ಕಟ್ಟಿದರೆ ಹೀಗೆ ಯಾರದೋ ತೀರ್ಮಾನಕ್ಕೆ ನಿಮ್ಮ ಕೋರ್ಸ್ ಅಲ್ಲಾಡುತ್ತದೆ. ಯಾವ ವಿಭಾಗದ ಪಠ್ಯದಲ್ಲಿ ಎಂಜಿನ್ ಹೆಸರೇ ಶೀರ್ಷಿಕೆಯಾಗಿದೆಯೋ ಅಲ್ಲಿ ಸ್ವಲ್ಪ ಹುಷಾರು. ಕಾಗದದ ಮೇಲೆ ಗೇಮ್ ಮಾಡಿಸಿ, ಆಡಿಸಿ, ತಿದ್ದಿಸುವ ಪಾಠ ಇದೆಯಾ ಅಂತ ನೋಡಿ. ಇದ್ದರೆ ಅಲ್ಲಿನ ಅಧ್ಯಾಪಕರಿಗೆ ಏನು ಕಲಿಸುತ್ತಿದ್ದೇವೆ ಅನ್ನೋದು ಗೊತ್ತಿದೆ.

ಸಂಶೋಧನೆ ವಿಷಯಕ್ಕೆ ಬಂದರೆ ಒಂದೇ ಪ್ರಶ್ನೆ: ನೀವು ಮಾಡಿದ ಗೇಮ್ ಸಂಶೋಧನೆ ಅಂತ ಲೆಕ್ಕಕ್ಕೆ ಬರುತ್ತದಾ? ಕೆಲವು ಕಡೆ ಗೇಮ್ ಮತ್ತು ಅದರ ಜೊತೆ ಬರಹ ಎರಡೂ ಸೇರಿ ಪಿಎಚ್‌ಡಿ ಪ್ರಬಂಧ ಆಗುತ್ತದೆ. ಕೆಲವು ಕಡೆ ಗೇಮ್ ಮಾಡಲು ಬಿಡುತ್ತಾರೆ, ಬಡ್ತಿ ಸಮಯಕ್ಕೆ ಪೇಪರ್ ಎಲ್ಲಿ ಅಂತ ಕೇಳುತ್ತಾರೆ. ಬಾಯಿ ಮಾತಿನ ಭರವಸೆ ಸಾಕಾಗುವುದಿಲ್ಲ, ನಿಯಮ ಎಲ್ಲಿ ಬರೆದಿದೆ ಅಂತ ಕೇಳಿ. ಕಂಪನಿಯಿಂದ ಬರುವವರಿಗೆ ಸಲೀಸಾಗಿ ತೆರೆಯುವ ಬಾಗಿಲು ಇದೇ, ಆದರೆ ಪಿಎಚ್‌ಡಿ ಇಲ್ಲದೆ ಬಂದವರು ಪಾಠದ ಹುದ್ದೆಯಲ್ಲೇ ಉಳಿದುಬಿಡುವುದೂ ಇದೇ ಕಾರಣಕ್ಕೆ.

ಮನಃಶಾಸ್ತ್ರ ಮತ್ತು ಬಳಕೆದಾರರ ಅಧ್ಯಯನ: ಅಳೆಯುವ ತಾಳ್ಮೆ ಇರುವವರಿಗೆ

ಗೇಮ್ ಆಡಿದರೆ ಮಕ್ಕಳು ಕೆಡುತ್ತಾರಾ ಅಂತ ಎಲ್ಲರೂ ಕೇಳುವ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇವರು. 2003ರಲ್ಲಿ ಶಾನ್ ಗ್ರೀನ್ ಮತ್ತು ಡಾಫ್ನೆ ಬವೆಲಿಯೇ, ಆ್ಯಕ್ಷನ್ ಗೇಮ್ ಆಡುವವರ ದೃಷ್ಟಿಯ ಗಮನ ಶಕ್ತಿ ಚುರುಕು ಅಂತ ನೇಚರ್ ಪತ್ರಿಕೆಯಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹೊಸ ಆವೃತ್ತಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿತು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಈ ಎರಡರ ನಡುವೆ ಇರುವುದೆಲ್ಲ ಬಿಸಿ ಚರ್ಚೆ.

ಆಕ್ಸ್‌ಫರ್ಡ್‌ನ ಒಂದು ತಂಡದ ಕೆಲಸ ನೋಡಿದರೆ ಈ ದಾರಿಯ ಸ್ವಭಾವ ಗೊತ್ತಾಗುತ್ತದೆ. ಎಷ್ಟು ಹೊತ್ತು ಆಡುತ್ತೀರಿ ಅಂತ ಜನರನ್ನೇ ಕೇಳುವುದು ಬಿಟ್ಟು, ಕಂಪನಿಗಳಿಂದ ನಿಜವಾದ ಆಟದ ಸಮಯದ ದಾಖಲೆ ತೆಗೆದುಕೊಂಡರು. 2021ರಲ್ಲಿ ಎರಡು ಗೇಮ್‌ಗಳ 3,000ಕ್ಕೂ ಹೆಚ್ಚು ಆಟಗಾರರಲ್ಲಿ ಆಟದ ಸಮಯಕ್ಕೂ ನೆಮ್ಮದಿಗೂ ಸಣ್ಣದೊಂದು ಒಳ್ಳೆಯ ನಂಟು ಕಂಡಿತು. 2022ರಲ್ಲಿ ಏಳು ಗೇಮ್, ಸುಮಾರು 39,000 ಜನ. ಈ ಸಲ ಆಡುವ ಸಮಯದಿಂದ ನೆಮ್ಮದಿಯ ಮೇಲೆ ಪರಿಣಾಮ ಹೆಚ್ಚುಕಮ್ಮಿ ಏನೂ ಇಲ್ಲ ಅಂತ ಬಂತು. ತಮ್ಮದೇ ಮೊದಲ ಫಲಿತಾಂಶವನ್ನು ದೊಡ್ಡ ಅಧ್ಯಯನದಿಂದ ತೂಗಿ ನೋಡಿ, ಬಂದದ್ದನ್ನು ಹಾಗೇ ಪ್ರಕಟಿಸಬೇಕು. ಆ ಮನಸ್ಸು ಇರುವವರಿಗೆ ಈ ವಿಭಾಗ. ನೈತಿಕ ಸಮಿತಿಯ ಅನುಮತಿ, ಅಂಕಿಅಂಶದ ಕಲಿಕೆ, ಡೇಟಾಗೆ ಕಂಪನಿ ಬಾಗಿಲು ಕಾಯುವುದು, ಇವೆಲ್ಲ ಜೊತೆಗೇ ಬರುತ್ತವೆ.

ನಾಲ್ಕೂ ಒಟ್ಟಿಗೆ ಇರುವ ಕೇಂದ್ರಗಳು

ಕೋಪನ್‌ಹೇಗನ್ ಕೇಂದ್ರ, ಮಾಲ್ಟಾ ವಿಶ್ವವಿದ್ಯಾಲಯದ ಡಿಜಿಟಲ್ ಗೇಮ್ಸ್ ಸಂಸ್ಥೆ, ಬ್ರಿಟನ್ನಿನಲ್ಲಿ ಕೆಲವು ವಿಶ್ವವಿದ್ಯಾಲಯಗಳು ಸೇರಿ 2014ರಲ್ಲಿ ಶುರು ಮಾಡಿದ ಇಗ್ಗಿ ಪಿಎಚ್‌ಡಿ ಕಾರ್ಯಕ್ರಮ, ಇಂಥ ಜಾಗಗಳಲ್ಲಿ ಕೋಡ್ ಬರೆಯುವವರೂ ಸಿದ್ಧಾಂತದವರೂ ಒಂದೇ ಕಡೆ ಸಿಗುತ್ತಾರೆ. ಕಲಿಯಲು ಇದಕ್ಕಿಂತ ಒಳ್ಳೆಯ ವಾತಾವರಣ ಇಲ್ಲ. ಇಂಥ ಕಡೆ ಸೀಟು ಸಿಕ್ಕರೆ ಬಿಡಬೇಡಿ ಅಂತಲೇ ಹೇಳುತ್ತೇನೆ. ಆದರೆ ಪಿಎಚ್‌ಡಿ ಮುಗಿದ ಮೇಲೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಬಹುಶಃ ಇಂಥ ಕೇಂದ್ರ ಆಗಿರುವುದಿಲ್ಲ, ಯಾವುದೋ ಒಂದು ಮಾಮೂಲಿ ವಿಭಾಗ. ಅಲ್ಲಿನ ಆಯ್ಕೆ ಸಮಿತಿ ತಮ್ಮ ಶಾಖೆಯ ಪೇಪರ್‌ಗಳನ್ನೇ ಹುಡುಕುತ್ತದೆ. ಹಾಗಾಗಿ ಮೊದಲ ವರ್ಷದಿಂದಲೇ ಒಂದು ಶಾಖೆಯನ್ನು ಮನೆ ಅಂತ ಇಟ್ಟುಕೊಂಡು, ಕನಿಷ್ಠ ಅರ್ಧ ಪೇಪರ್‌ಗಳನ್ನಾದರೂ ಅದರ ಸಮ್ಮೇಳನ, ಪತ್ರಿಕೆಗಳಿಗೇ ಕಳಿಸಿ.

ಎರಡು ವಿಭಾಗಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ನನ್ನ ಸಲಹೆ ಇಷ್ಟು. ಕಂಪ್ಯೂಟರ್ ಸೈನ್ಸ್ ಮತ್ತು ಡಿಸೈನ್ ನಡುವೆ ಆದರೆ ಕಂಪ್ಯೂಟರ್ ಸೈನ್ಸ್‌ಗೆ ಸೇರಿ ಗೇಮ್ ಮಾಡುತ್ತಿರಿ, ಅಲ್ಲಿಂದ ಡಿಸೈನ್ ಕಡೆ ಬರುವುದು ಸುಲಭ, ಡಿಸೈನ್‌ನಿಂದ ಅಲ್ಲಿಗೆ ಹೋಗುವುದು ಕಷ್ಟ. ಮಾನವಿಕ ಮತ್ತು ಮನಃಶಾಸ್ತ್ರದ ನಡುವೆ ಆದರೆ ನಿಮಗೆ ಇಷ್ಟವಾದ ಐದು ಪೇಪರ್ ತೆಗೆದು, ಅವುಗಳ ವಿಧಾನದ ಭಾಗ ಮಾತ್ರ ಓದಿ. ಬೇಜಾರಾಗದೆ ಓದಿಸಿಕೊಂಡದ್ದು ಯಾವುದೋ ಅದರ ಕಡೆ ಹೋಗಿ, ಮುಂದಿನ ವರ್ಷಗಳಲ್ಲಿ ನೀವು ಹೆಚ್ಚು ಹೊತ್ತು ಕಳೆಯುವುದು ಆ ಭಾಗದಲ್ಲೇ.

ಕೊನೆಗೆ ಗೈಡ್‌ಗೆ ಮೇಲ್ ಬರೆಯುವ ಮುಂಚೆ ಅವರ ಹಳೆಯ ವಿದ್ಯಾರ್ಥಿಗಳ ಥೀಸಿಸ್ ಎರಡಾದರೂ ತೆರೆದು ನೋಡಿ. ಗೇಮ್ ಅಂತ ಹೆಸರಿದ್ದು ಒಳಗೆ ಬೇರೇನೋ ಇದೆಯಾ, ಪರೀಕ್ಷಕರಾಗಿ ಬಂದವರು ಯಾವ ವಿಭಾಗದವರು, ಓದಿದವರು ಈಗ ಎಲ್ಲಿದ್ದಾರೆ ಅಂತ ಗಮನಿಸಿ. ಮೇಲ್‌ನಲ್ಲಿ ಚಿಕ್ಕಂದಿನಿಂದ ಗೇಮ್ ಅಂದರೆ ಪ್ರಾಣ ಅಂತ ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ನಿಮ್ಮ ಪ್ರಶ್ನೆಯನ್ನು ಮೂರು ಸಾಲಿನಲ್ಲಿ ಬರೆದು, ಇದರ ಮೇಲೆ ನಿಮ್ಮ ವಿಭಾಗದಲ್ಲಿ ಪ್ರಬಂಧ ಕೊಟ್ಟರೆ ಓದಿ ತೀರ್ಮಾನ ಹೇಳುವವರು ಯಾರು ಇರುತ್ತಾರೆ ಅಂತ ಕೇಳಿ. ಸ್ಪಷ್ಟವಾಗಿ ಹೆಸರು ಹೇಳಿ ಉತ್ತರ ಬಂದ ಕಡೆ ಮಾತು ಮುಂದುವರಿಸಿ.